ಕೊಂದವನಿಗೆ ಕರುಣೆ ಕೇಳಬಹುದಾ?

ಕೊಟ್ಟೂರಿನ ನಮ್ಮ ಸಭೆಯಲ್ಲಿ ಕೂತಿರೋ ಯೌವನಸ್ಥರಿಗೂ, ಬೆಂಗಳೂರಿನ ಪಿಜಿ ರೂಮಲ್ಲಿ, ಮೆಟ್ರೋದಲ್ಲಿ ಫೋನ್ ಹಿಡಿದು ಇದನ್ನ ಓದ್ತಿರೋ ನಮ್ಮೂರ ಮಕ್ಕಳಿಗೂ ದೇವರ ಶಾಂತಿ ಇರಲಿ.

ಇವತ್ತಿನ ಸಂದೇಶ ನಾನು ಆರಿಸಿಕೊಂಡದ್ದಲ್ಲ. ಯೂತ್ ಮೀಟಿಂಗ್ ಮುಗಿದ ಮೇಲೆ ನಾಲ್ಕೈದು ಜನ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ವಿ. ಅಲ್ಲಿ ಒಬ್ಬ ತಮ್ಮ ಫೋನಲ್ಲಿ ಒಂದು ಸುದ್ದಿ ತೋರಿಸಿದ. "ಅಣ್ಣಾ, ಐದು ಜನರನ್ನ ಕೊಂದವನಿಗೆ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡೈತಿ. ಅದೂ ನಮ್ಮ ಬಳ್ಳಾರಿ ಕೇಸು. ಇದು ನ್ಯಾಯನಾ?" ಅಂತ ಕೇಳಿದ. ನಾನು ಮಿರ್ಚಿ ಬಿಸಿ ಐತಿ ಅನ್ನೋ ನೆವ ಮಾಡಿ ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು.

ಕೇಸು ಇದು. 2017ರ ಫೆಬ್ರವರಿ. ನಮ್ಮೂರಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ತೇರು ಬಿದ್ದ ತಿಂಗಳು, ನಿಮಗೆ ನೆನಪಿರುತ್ತೆ. ಆಗ ವಿಜಯನಗರ ಜಿಲ್ಲೆ ಇರಲಿಲ್ಲ, ನಾವೂ ಬಳ್ಳಾರಿ ಜಿಲ್ಲೆಯವರೇ. ಊರಲ್ಲೆಲ್ಲ ತೇರಿನದ್ದೇ ಮಾತು. ಅದೇ ತಿಂಗಳು ಅದೇ ಜಿಲ್ಲೆಯ ಇನ್ನೊಂದು ಹಳ್ಳಿಯಲ್ಲಿ ಬೈಲೂರು ತಿಪ್ಪಯ್ಯ ಎಂಬಾತ ಹೆಂಡತಿಯ ಶೀಲ ಶಂಕಿಸಿ, ಹೆಂಡತಿಯನ್ನ, ನಾದಿನಿಯನ್ನ, ಮೂವರು ಚಿಕ್ಕ ಮಕ್ಕಳನ್ನ ಕೊಂದ. ಬಳ್ಳಾರಿ ಕೋರ್ಟು 2019ರಲ್ಲಿ ಗಲ್ಲು ವಿಧಿಸಿತು. 2023ರಲ್ಲಿ ಧಾರವಾಡದ ಹೈಕೋರ್ಟ್ ಪೀಠ ಅದನ್ನೇ ಖಾಯಂ ಮಾಡಿತು. 2025ರ ಜುಲೈ 16ರಂದು ಸುಪ್ರೀಂ ಕೋರ್ಟ್, ಅಪರಾಧ ಸಾಬೀತಾಗಿದೆ ಎಂದು ಒಪ್ಪಿಕೊಂಡೇ, ಗಲ್ಲನ್ನು ತೆಗೆದು, ಉಸಿರಿರುವ ತನಕ ಬಿಡುಗಡೆ ಇಲ್ಲದ ಜೈಲು ಶಿಕ್ಷೆ ಕೊಟ್ಟಿತು.

ಪ್ರಿಯರೇ, ಉತ್ತರ ಕೊಡುವ ಮುಂಚೆ ಒಂದು ನಿಮಿಷ ಆ ಮನೆ ಹತ್ತಿರ ನಿಲ್ಲೋಣ. ಒಂದೇ ದಿನ ಐದು ಮಣ್ಣು. ನಾವು ಪಾಸ್ಟರ್‌ಗಳು ಮಾಡುವ ದೊಡ್ಡ ತಪ್ಪು ಏನಂದ್ರೆ, ಸತ್ತವರ ಹತ್ತಿರ ಕೂರದೇ ನೇರ ಕ್ಷಮೆಯ ವಾಕ್ಯಕ್ಕೆ ಹಾರಿಬಿಡ್ತೀವಿ. ದೇವರು ಹಾಗೆ ಮಾಡಲಿಲ್ಲ. ಆದಿಕಾಂಡ ನಾಲ್ಕನೇ ಅಧ್ಯಾಯ ತೆರೆಯಿರಿ. ಲೋಕದ ಮೊದಲ ಕೊಲೆ ಆದಾಗ ದೇವರು ಮೊದಲು ಮಾತಾಡಿದ್ದು ಹೇಬೆಲನ ರಕ್ತದ ಬಗ್ಗೆ. ಆ ರಕ್ತ ಮಣ್ಣಿನಿಂದ ಕೂಗ್ತಿದೆ, ನನಗೆ ಕೇಳಿಸ್ತಿದೆ ಅಂತಾನೆ. ಆ ಕೂಗು ಕೇಳಿಸದವನಿಗೆ ಕರುಣೆಯ ಬಗ್ಗೆ ಮಾತಾಡುವ ಹಕ್ಕಿಲ್ಲ.

ಈಗ ನನ್ನ ಸಾಕ್ಷಿ ಹೇಳ್ತೀನಿ. ಇದು ಚಪ್ಪಾಳೆ ಹೊಡೆಯುವ ಸಾಕ್ಷಿ ಅಲ್ಲ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ಹತ್ತಿರ ಒಬ್ಬ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ ಕೊಂದ ಆರೋಪದ ಮೇಲೆ ಹಿಡಿದಿದ್ದ ನಾಲ್ವರನ್ನ ಪೊಲೀಸರು ಎನ್‌ಕೌಂಟರಲ್ಲಿ ಹೊಡೆದರು. ದೇಶವೆಲ್ಲ ಪಟಾಕಿ. ನಾನೂ ಅವತ್ತು ವಾಟ್ಸಾಪ್ ಸ್ಟೇಟಸ್ ಹಾಕಿದೆ: 'ದೇವರ ನ್ಯಾಯ'. ಸಭೆಯ ಎಷ್ಟೋ ಜನ ಆಮೆನ್ ಅಂತ ಕಳಿಸಿದರು. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗದ ವರದಿ ಬಂತು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಸತ್ತವರಲ್ಲಿ ಮೂವರು ಅಪ್ರಾಪ್ತರು ಅಂತ ಅದು ಹೇಳಿತು. ಕೋರ್ಟು ಕಟಕಟೆ ಯಾವುದೂ ಇಲ್ಲದೆ ಮುಗಿದ ಒಂದು ಕೆಲಸಕ್ಕೆ ನಾನು ದೇವರ ಹೆಸರಿಟ್ಟಿದ್ದೆ. ಆ ಹುಡುಗರು ತಪ್ಪಿತಸ್ಥರೋ ಅಲ್ಲವೋ ಅನ್ನೋದನ್ನ ಇನ್ನು ಯಾವ ಕೋರ್ಟೂ ಹೇಳಲಾರದು. ಸ್ಟೇಟಸ್ 24 ಗಂಟೆಗೆ ತಾನೇ ಅಳಿಸಿಹೋಗುತ್ತೆ. ನನ್ನ ಮನಸ್ಸಿಂದ ಅದು ಅಳಿಸಿಲ್ಲ.

ಹಾಗಾಗಿ ಮತ್ತೆ ಆದಿಕಾಂಡ ನಾಲ್ಕಕ್ಕೆ ಬರ್ತೀನಿ. ಕಾಯಿನನಿಗೆ ದೇವರು ಏನು ಮಾಡಿದ? ಸುಮ್ಮನೆ ಬಿಟ್ಟನಾ? ಇಲ್ಲ. ಹೊಲ ಉತ್ತು ಬದುಕಿದವನಿಗೆ ಹೊಲವೇ ಬೆಳೆ ಕೊಡದ ಹಾಗೆ ಮಾಡಿದ. ನೆಲೆ ಇಲ್ಲದೆ ಅಲೆಯುವವನನ್ನಾಗಿ ಮಾಡಿದ. ನಮ್ಮ ಕಡೆ ಕಪ್ಪು ಮಣ್ಣಿನ ಜನಕ್ಕೆ ಇದರ ಭಾರ ಬಿಡಿಸಿ ಹೇಳಬೇಕಾಗಿಲ್ಲ. ಆಗ ಕಾಯಿನ ಅತ್ತ: ಈ ಶಿಕ್ಷೆ ಹೊರಲಾರೆ, ಕಂಡವರು ನನ್ನನ್ನ ಕೊಂದುಬಿಡ್ತಾರೆ ಅಂತ. ಗಮನಿಸಿ, ಅವನ ಬಾಯಲ್ಲಿ ತಮ್ಮನ ಬಗ್ಗೆ ಒಂದು ಮಾತೂ ಇಲ್ಲ. ಪಶ್ಚಾತ್ತಾಪ ಕಾಣಲ್ಲ, ಬರೀ ಜೀವಭಯ. ಆದರೂ ದೇವರು ಅವನ ಮೇಲೆ ಒಂದು ಗುರುತು ಇಟ್ಟ, ಯಾರೂ ಅವನನ್ನ ಕೊಲ್ಲಬಾರದು ಅಂತ. ಇದು ಬೈಬಲಿನ ಮೊದಲ ಕ್ಷಮಾದಾನ ಅರ್ಜಿ. ಅರ್ಜಿದಾರ ಯೋಗ್ಯನಲ್ಲ. ಆದರೂ ಉತ್ತರ ಬಂತು. ಶಿಕ್ಷೆ ಇರಲಿ, ಸಾವು ಬೇಡ.

"ಪಾಸ್ಟರ್, ಆದಿಕಾಂಡ ಒಂಬತ್ತು ಓದಿಲ್ವಾ? ನೋಹನಿಗೆ ದೇವರೇ ಹೇಳಿದಾನಲ್ಲ, ರಕ್ತ ಸುರಿಸಿದವನ ರಕ್ತವೂ ಸುರಿಯಬೇಕು ಅಂತ. ರೋಮಾಪುರದವರಿಗೆ 13ರಲ್ಲಿ ಅಧಿಕಾರಿ ಕೈಯಲ್ಲಿ ಕತ್ತಿ ಇದೆ ಅಂತಿದೆಯಲ್ಲ" ಅಂತ ಕೇಳೋರು ಇದ್ದೀರಿ. ಓದಿದ್ದೀನಿ. ಬೈಬಲ್ ಕಾಲೇಜಲ್ಲಿ ಇದರ ಮೇಲೆ ಪೇಪರನ್ನೂ ಬರೆದೆ, ಸರ್ಕಾರಕ್ಕೆ ಆ ಅಧಿಕಾರ ಇದೆ ಅಂತ ಬರೆದು ಒಳ್ಳೆ ಮಾರ್ಕ್ಸೂ ತಗೊಂಡೆ. ಇವತ್ತೂ ನಾನು ಸರ್ಕಾರಕ್ಕೆ ದಂಡಿಸುವ ಅಧಿಕಾರ ಇಲ್ಲ ಅನ್ನಲ್ಲ. ಆದರೆ ಅಧಿಕಾರ ಇರೋದು ಒಂದು, ಅದನ್ನ ಬಳಸಲೇಬೇಕು ಅನ್ನೋದು ಇನ್ನೊಂದು. ಅದೇ ದೇವರು ತನ್ನ ಮುಂದೆ ನಿಂತ ಕೊಲೆಗಾರರ ಜೊತೆ ಹೇಗೆ ನಡೆದುಕೊಂಡ ನೋಡಿ. ಮೋಶೆ ಐಗುಪ್ತದವನನ್ನ ಹೊಡೆದು ಮರಳಲ್ಲಿ ಹೂತ. ದಾವೀದ ಊರೀಯನನ್ನ ಯುದ್ಧದ ಮುಂದಿನ ಸಾಲಿಗೆ ನಿಲ್ಲಿಸಿ ಕೊಲ್ಲಿಸಿದ. ಸೌಲ ಸ್ತೆಫನನನ್ನ ಕಲ್ಲೆಸೆದು ಕೊಲ್ಲುವಾಗ ಅದಕ್ಕೆ ಒಪ್ಪಿಗೆ ಕೊಟ್ಟು ನಿಂತಿದ್ದ. ಮೂವರಿಗೂ ಕಾನೂನಿನ ಪ್ರಕಾರ ಮರಣವೇ. ಆ ಶಿಕ್ಷೆ ಜಾರಿಯಾಗಿದ್ದರೆ ನಿಮ್ಮ ಕೈಯಲ್ಲಿರೋ ಬೈಬಲ್ ಎಷ್ಟು ತೆಳ್ಳಗಿರುತ್ತಿತ್ತು, ಯೋಚಿಸಿ.

ಆದರೆ ಇಲ್ಲೊಂದು ಜಾರುವ ಜಾಗ ಇದೆ. ಕೊಂದವನು ಮುಂದೆ ಪೌಲ ಆಗಬಹುದು, ಅದಕ್ಕೆ ಉಳಿಸೋಣ ಅಂತ ನಾನು ಹೇಳ್ತಿಲ್ಲ. ಬಹಳ ಜನ ಏನೂ ಆಗದೆ ಜೈಲಲ್ಲೇ ಮುದುಕರಾಗಿ ಸಾಯ್ತಾರೆ. ನಾನು ಹೇಳೋದು ಇಷ್ಟೇ: ಒಬ್ಬ ಮನುಷ್ಯನಿಗೆ ದೇವರು ಕೊಟ್ಟ ಕಾಲ ಮುಗೀತು ಅಂತ ಕ್ಯಾಲೆಂಡರ್ ನೋಡಿ ದಿನಾಂಕ ಹಾಕುವ ಕೆಲಸ ನಮ್ಮದಲ್ಲ. ದುಷ್ಟನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬದುಕಬೇಕು ಅನ್ನೋದೇ ದೇವರ ಆಸೆ ಅಂತ ಯೆಹೆಜ್ಕೇಲನ ಮೂಲಕ ಹೇಳಿಸಿದ್ದಾನೆ. ತಿರುಗಿಕೊಳ್ಳೋಕೆ ಟೈಮ್ ಬೇಕು. ಗಲ್ಲು ಕಸಿದುಕೊಳ್ಳೋದು ಆ ಟೈಮನ್ನೇ.

ಟೈಮ್ ಅಂದಾಗ ನಮ್ಮ ರಾಜ್ಯದ ಇನ್ನೊಂದು ಕೇಸು ಹೇಳಲೇಬೇಕು. 1993ರ ಏಪ್ರಿಲ್ 9. ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಹತ್ತಿರ ವೀರಪ್ಪನ್ ಗ್ಯಾಂಗು ನೆಲಬಾಂಬ್ ಸಿಡಿಸಿ 22 ಜನರನ್ನ ಕೊಂದಿತು. ಸೈಮನ್, ಜ್ಞಾನಪ್ರಕಾಶ್, ಬಿಲವೇಂದ್ರನ್, ಮಾದಯ್ಯ ಎಂಬ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅವರು ಮೇಲ್ಮನವಿ ಹೋದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಇಳಿಸುವ ಬದಲು ಏರಿಸಿ ಗಲ್ಲು ಮಾಡಿತು. ರಾಷ್ಟ್ರಪತಿಗಳಿಗೆ ಹೋದ ಕ್ಷಮಾದಾನ ಅರ್ಜಿ ಒಂಬತ್ತು ವರ್ಷ ಕೂತಿತ್ತು. 2013ರ ಫೆಬ್ರವರಿಯಲ್ಲಿ ತಿರಸ್ಕಾರ ಆಯ್ತು. ಆಗ ಆ ನಾಲ್ವರು ಇದ್ದದ್ದು ಬೆಳಗಾವಿಯ ಹಿಂಡಲಗಾ ಜೈಲಲ್ಲಿ, ನಮ್ಮ ರಾಜ್ಯದಲ್ಲಿ ಗಲ್ಲುಗಂಬ ಇರೋ ಜೈಲು. ಅದಕ್ಕೆ ಮೂರು ತಿಂಗಳ ಹಿಂದೆ ಕಸಬ್‌ನನ್ನ, ಅದೇ ಫೆಬ್ರವರಿ 9ಕ್ಕೆ ಅಫ್ಜಲ್ ಗುರುವನ್ನ ಗಲ್ಲಿಗೇರಿಸಿದ್ದರು. ಮುಂದಿನ ಸರದಿ ಇವರದು ಅಂತ ಟಿವಿಗಳು ದಿನ ಎಣಿಸ್ತಿದ್ದವು.

ನಾನಾಗ ಬೈಬಲ್ ಕಾಲೇಜಲ್ಲಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹನೂರು ಕಡೆಯ ಒಬ್ಬ ವಿದ್ಯಾರ್ಥಿ ಎದ್ದು, ಹಿಂಡಲಗಾದಲ್ಲಿರೋ ನಮ್ಮವರಿಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಂಡ. ಬಾಂಬ್ ಇಟ್ಟೋರಿಗೆ ಪ್ರಾರ್ಥನೆನಾ ಅಂತ ಒಬ್ಬರು ಗೊಣಗಿದರು. ಆದರೂ ನಾವು ಮೊಣಕಾಲೂರಿದೆವು. ಸೈಮನಿಗಾಗಿ ಕಣ್ಣೀರಿಟ್ಟು ಪ್ರಾರ್ಥಿಸಿದೆವು. ಜ್ಞಾನಪ್ರಕಾಶನಿಗಾಗಿ, ಬಿಲವೇಂದ್ರನಿಗಾಗಿ. ಆಮೆನ್ ಅಂದು ಎದ್ದ ಮೇಲೆ ಆ ಹುಡುಗ ಮೆಲ್ಲಗೆ ಕೇಳಿದ: "ಮಾದಯ್ಯನ ಹೆಸರು ಯಾರೂ ಹೇಳಲಿಲ್ವಲ್ಲಾ?"

ಪ್ರಿಯರೇ, ಅವತ್ತು ನಮ್ಮ ಕರುಣೆಯ ಅಳತೆ ನಮಗೇ ಗೊತ್ತಾಯಿತು. ನಾವು ಬೇಡಿದ್ದು ಕೈದಿಗಳಿಗಾಗಿ ಅಲ್ಲ, ನಮ್ಮ ಹೆಸರಿನವರಿಗಾಗಿ. ಲೋಕ ಕೂಡ ಅದನ್ನೇ ಮಾಡುತ್ತಲ್ಲವೇ? ನಮ್ಮ ಜಾತಿಯವನಾದರೆ ಪಾಪ ಅಂತೀವಿ, ಬೇರೆಯವನಾದರೆ ಗಲ್ಲಿಗೇರಿಸಿ ಅಂತೀವಿ. ಯೇಸು ಸತ್ತದ್ದು ಮಾದಯ್ಯನಿಗಾಗಿಯೂ. ಆ 22 ಜನರಿಗಾಗಿಯೂ, ಅವರ ಮನೆಯವರಿಗಾಗಿಯೂ. ಇದರಲ್ಲಿ ಒಂದು ಹೆಸರು ಬಿಟ್ಟರೂ ಅದು ಕಲ್ವಾರಿಯ ಪ್ರಾರ್ಥನೆ ಅಲ್ಲ.

ಆಮೇಲೇನಾಯ್ತು? ವಕೀಲರು, ಮಾನವ ಹಕ್ಕುಗಳವರು ಓಡಾಡಿದರು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ರಂದು ಈ ನಾಲ್ವರು ಸೇರಿ ಒಟ್ಟು 15 ಜನರ ಗಲ್ಲನ್ನ ಜೀವಾವಧಿಗೆ ಇಳಿಸಿತು. ಕ್ಷಮಾದಾನ ಅನ್ನೋದು ಯಾರೋ ದೊಡ್ಡವರು ಹಾಕುವ ಭಿಕ್ಷೆಯಲ್ಲ, ಸಂವಿಧಾನದ 72 ಮತ್ತು 161ನೇ ವಿಧಿಗಳ ಕರ್ತವ್ಯ, ಅರ್ಜಿಯನ್ನ ವರ್ಷಗಟ್ಟಲೆ ಕೊಳೆಸಿ ಮನುಷ್ಯನನ್ನ ನೇಣಿನ ನೆರಳಲ್ಲಿ ಕೂರಿಸೋದು ಹಿಂಸೆ ಅನ್ನೋದು ಆ ತೀರ್ಪಿನ ಸಾರ. ಅರ್ಜಿ ತಿರಸ್ಕಾರವಾದರೂ ಗಲ್ಲಿಗೆ ಮುಂಚೆ ಕನಿಷ್ಠ 14 ದಿನ ಕೊಡಬೇಕು, ಮನೆಯವರಿಗೆ ತಿಳಿಸಬೇಕು ಅಂತಲೂ ಹೇಳಿತು. ಜ್ಞಾನಪ್ರಕಾಶ್ 29 ವರ್ಷ ಒಳಗಿದ್ದು, 2022ರ ಡಿಸೆಂಬರ್‌ನಲ್ಲಿ, ಕಾಯಿಲೆಯ ಕಾರಣಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ಜಾಮೀನಿನ ಮೇಲೆ ಮೈಸೂರು ಜೈಲಿನಿಂದ ಹೊರಗೆ ಬಂದರು. 2013ರ ಆ ವಾರ ನೇಣು ಬಿದ್ದಿದ್ದರೆ ಈ ವಾಕ್ಯ ನಾನು ಹೇಳೋಕೆ ಆಗ್ತಿರಲಿಲ್ಲ. ಗಮನಿಸಿದ್ರಾ, ಈಗ 'ಬಂದರು' ಅಂದೆ. ನಮ್ಮ ಪೇಪರುಗಳಲ್ಲಿ ಶಿಕ್ಷೆಯಾದ ಕ್ಷಣದಿಂದ ಮನುಷ್ಯ 'ಆತ' ಆಗಿಬಿಡ್ತಾನೆ. ನಾನೂ ಶುರುವಿನಲ್ಲಿ ತಿಪ್ಪಯ್ಯನನ್ನ ಹಾಗೇ ಕರೆದೆ. ಬಹುವಚನ ಕಸಿದುಕೊಳ್ಳೋದು ಸಣ್ಣದು ಅನಿಸುತ್ತೆ. ಅಲ್ಲಿಂದಲೇ ಶುರುವಾಗುತ್ತೆ.

ತಪ್ಪು ತೀರ್ಪಿನ ಮಾತೂ ಇದೆ. ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಗಲ್ಲು ಅಂತ 1980ರಲ್ಲೇ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನ ಬಡವರಿಗೆ 2009ರಲ್ಲಿ ಅದೇ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. 2019ರಲ್ಲಿ ಅದೇ ಕೋರ್ಟು ಆ ಆರೂ ಜನ ನಿರಪರಾಧಿಗಳು ಅಂತ ಬಿಡುಗಡೆ ಮಾಡಿತು. ಹದಿನಾರು ವರ್ಷ ಕಳೆದಿತ್ತು. ಜೈಲಲ್ಲಿ ಹೋದ ವರ್ಷಗಳನ್ನ ವಾಪಸ್ ಕೊಡೋಕೆ ಯಾರಿಗೂ ಆಗಲ್ಲ, ನಿಜ. ಆದರೆ 'ಕ್ಷಮಿಸಿ, ತಪ್ಪಾಯ್ತು' ಅಂತ ಹೇಳೋಕಾದರೂ ಮನುಷ್ಯ ಬದುಕಿರಬೇಕು. ಕಾನೂನುಬದ್ಧವಾಗಿ, ಸಹಿ ಹಾಕಿ, ಕೈ ತೊಳೆದುಕೊಂಡು ನಿರಪರಾಧಿಯನ್ನ ಕೊಂದ ಒಂದು ತೀರ್ಪು ನಮಗೆಲ್ಲ ಚೆನ್ನಾಗಿ ಗೊತ್ತು. ಪ್ರತಿ ಶುಭ ಶುಕ್ರವಾರ ಅದನ್ನೇ ಓದ್ತೀವಿ. ಆ ಗುಂಪು ಕೂಗಿದ ಧ್ವನಿಯಲ್ಲಿ ನನ್ನ ಸ್ಟೇಟಸ್ಸೂ ಇತ್ತು ಅಂತ ಈಗ ನನಗನಿಸುತ್ತೆ.

ಈಗ ಕಷ್ಟದ ಜಾಗಕ್ಕೆ ಬಂದೆ. ನಮ್ಮ ಕಡೆಯ ಒಬ್ಬ ತಾಯಿ. ಹೆಸರು ಬೇಡ. ಅವರ ಮಗ ಸಣ್ಣ ಜಗಳದಲ್ಲಿ ಕೊಲೆಯಾದ. ಕೊಂದವನಿಗೆ ಜೀವಾವಧಿ ಆಯ್ತು. ನಾನು ಹೊಸದಾಗಿ ಸೇವೆಗೆ ಬಂದವನು, ಬೈಬಲ್ ಹಿಡಿದು ಅವರ ಮನೆಗೆ ಹೋದೆ. ಅವರು ಚಾಪೆ ಹಾಸಿ ಹೇಳಿದರು: "ಕುಂದ್ರಪ್ಪ, ಚಾ ಕುಡಿ. ಆದ್ರ ಕ್ಷಮಿಸು ಅಂತ ಹೇಳಾಕ ಬಂದಿದ್ರ ಆ ಮಾತು ಇವತ್ತು ಬ್ಯಾಡ." ನಾನು ಚಹಾ ಕುಡಿದು ಬಂದೆ. ಅದಕ್ಕಿಂತ ಒಳ್ಳೆಯ ಸೇವೆ ಆ ವರ್ಷ ನಾನು ಮಾಡಿಲ್ಲ ಅನಿಸುತ್ತೆ.

ಎಷ್ಟೋ ಸಲ ಹೋದ ಮೇಲೆ ಒಂದಿನ ಅವರೇ ಬಾಯಿ ಬಿಟ್ಟರು. "ಅವನಿಗೆ ಗಲ್ಲಾಗ್ಲಿ ಅಂತ ಹರಕೆ ಹೊತ್ತಿದ್ದೆ. ಈಗ ಅನಸ್ತೈತಿ, ಅವನು ಸತ್ತಿದ್ರ ನಾನು ಯಾರನ್ನ ಕೇಳ್ತಿದ್ದೆ? ನನ್ನ ಮಗ ಕೊನಿಗೆ ನೀರು ಕೇಳಿದ್ನಾ, ನನ್ನ ಹೆಸರು ಕರದ್ನಾ, ಅದು ಗೊತ್ತಿರೋದು ಅವನೊಬ್ಬನಿಗೇ." ಆ ತಾಯಿ ಇನ್ನೂ ಕ್ಷಮಿಸಿಲ್ಲ. ನಾನು ಒತ್ತಾಯ ಮಾಡಿಲ್ಲ, ಮಾಡೋದೂ ಇಲ್ಲ. ಕ್ಷಮೆ ಅವರದ್ದು, ಅದನ್ನ ಅವರ ಪರವಾಗಿ ನಾನು ಹಂಚೋಕೆ ಬರಲ್ಲ. ಆದರೆ ಕೊಂದವನು ಬದುಕಿರೋದರಿಂದ ಆ ಪ್ರಶ್ನೆಗೆ ಇನ್ನೂ ಬಾಗಿಲು ತೆರೆದಿದೆ.

ಇದೇ ನಾನು ನಿಮಗೆ ಹೇಳಬೇಕಾದ ವ್ಯತ್ಯಾಸ. ಕ್ಷಮೆ ನೊಂದವರ ಕೈಯಲ್ಲಿದೆ. ಶಿಕ್ಷೆ ಕೋರ್ಟಿನ ಕೈಯಲ್ಲಿದೆ. ಕೊಲ್ಲಬೇಡಿ ಅಂತ ಬೇಡಿಕೊಳ್ಳೋದು ನಮ್ಮೆಲ್ಲರ ಕೈಯಲ್ಲಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಚಿಕ್ಕ ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟರು. ಗ್ಲಾಡಿಸ್ ಅಮ್ಮ ಕೊಂದವರನ್ನ ಕ್ಷಮಿಸಿದೆ ಅಂದರು. ಮುಖ್ಯ ಅಪರಾಧಿಗೆ ಕೆಳ ಕೋರ್ಟು ಕೊಟ್ಟ ಗಲ್ಲನ್ನ 2005ರಲ್ಲಿ ಒಡಿಶಾ ಹೈಕೋರ್ಟು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒಪ್ಪಿತು. ನಮ್ಮವರನ್ನ ಕೊಂದವನಿಗೂ ಗಲ್ಲು ಬೇಡ ಅಂತ ನಾವು ಹೇಳಬಲ್ಲೆವಾದರೆ ಮಾತ್ರ ಬೇರೆ ಮನೆಯ ಮುಂದೆ ನಿಂತು ಆ ಮಾತು ಹೇಳೋ ಯೋಗ್ಯತೆ ನಮಗೆ ಬರುತ್ತೆ.

ಬಳ್ಳಾರಿ ಕೇಸಿನ ಬಗ್ಗೆ ಆ ತಮ್ಮನ ಪ್ರಶ್ನೆಗೆ ಈಗ ನೇರ ಉತ್ತರ. ಹೌದು, ಅದು ನ್ಯಾಯಕ್ಕೆ ವಿರುದ್ಧ ಅಲ್ಲ. ತಿಪ್ಪಯ್ಯ ಮನೆಗೆ ಬರಲ್ಲ. ಆ ಐದು ಹೆಸರುಗಳ ಜೊತೆ ಪ್ರತಿ ರಾತ್ರಿ ಮಲಗಿ, ಪ್ರತಿ ಬೆಳಿಗ್ಗೆ ಏಳಬೇಕು. ಅದು ಹಗುರವಾದ ಶಿಕ್ಷೆ ಅನ್ನೋರು ಒಂದು ವಾರ ಮೊಬೈಲ್ ಇಲ್ಲದೆ ಒಂದು ಕೋಣೆಯಲ್ಲಿ ಕೂತು ನೋಡಲಿ. ಅತ್ಯಾಚಾರ, ಕೊಲೆ ಕೇಸಿನ ಉಮೇಶ್ ರೆಡ್ಡಿಯನ್ನ ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಏಕಾಂತ ಸೆರೆಯಲ್ಲಿ ಇಟ್ಟಿದ್ದರು. ಅದು ಕಾನೂನಿಗೆ ವಿರುದ್ಧ ಅಂತ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲನ್ನೂ ಇಳಿಸಿ, ಕನಿಷ್ಠ 30 ವರ್ಷ ಜೈಲಲ್ಲೇ ಇರಬೇಕು ಅಂದಿತು. ಆ ಹೆಸರು ಕೇಳಿದರೆ ನನಗೆ ಈಗಲೂ ಕೋಪ ಬರುತ್ತೆ, 'ಅವನು' ಅಂತಲೇ ಬಾಯಿಗೆ ಬರುತ್ತೆ. ಮುಚ್ಚಿಡಲ್ಲ. ಕರುಣೆ ಅನ್ನೋದು ನನ್ನ ಮನಸ್ಸಿಗೆ ಬಂದಾಗ ಕೊಡುವ ವಸ್ತುವಾಗಿದ್ದರೆ, ಅವನಿಗೆ ನಾನು ಕೊಡುತ್ತಿರಲಿಲ್ಲ. ಅದಕ್ಕೇ ಅದು ನನ್ನ ಮನಸ್ಸಿನ ಮೇಲೆ ನಿಂತಿರಬಾರದು.

ಕೊನೆಗೆ ಶಿಲುಬೆಯ ಹತ್ತಿರ ಬರೋಣ. ಲೂಕ 23. ಒಬ್ಬ ಅಣ್ಣ ನನ್ನನ್ನ ಕೇಳಿದ್ದರು: "ಆ ಕಳ್ಳ ಶಿಲುಬೆ ಮೇಲಿದ್ದಕ್ಕೇ ಅಲ್ವಾ ಪಶ್ಚಾತ್ತಾಪ ಪಟ್ಟಿದ್ದು? ಗಲ್ಲೇ ಅವನನ್ನ ರಕ್ಷಣೆಗೆ ತಂತಲ್ಲ?" ಒಳ್ಳೆ ಪ್ರಶ್ನೆ. ಆದರೆ ಅಲ್ಲಿ ಇನ್ನೊಬ್ಬ ಕಳ್ಳನೂ ಇದ್ದ. ಅದೇ ಶಿಲುಬೆ, ಅದೇ ನೋವು, ಅವನು ಬೈಯುತ್ತಲೇ ಸತ್ತ. ಶಿಲುಬೆ ಯಾರನ್ನೂ ಬದಲಿಸಲಿಲ್ಲ. ಪಕ್ಕದಲ್ಲಿ ಯೇಸು ಇದ್ದದ್ದು ಒಬ್ಬನನ್ನ ಬದಲಿಸಿತು. ರೋಮಿನವರು ಕೊಟ್ಟದ್ದು ಮೊಳೆ. ಕೃಪೆ ಕೊಟ್ಟದ್ದು ದೇವರು. ಆ ಎರಡನೆಯವನಿಗೆ ಇನ್ನೂ ಒಂದು ವರ್ಷ ಸಿಕ್ಕಿದ್ದರೆ? ಆ ಪ್ರಶ್ನೆ ನನ್ನನ್ನ ಬಿಡಲ್ಲ.

ನಾವೇನು ಮಾಡಬೇಕು? ಫಿಲೆಮೋನನಿಗೆ ಬರೆದ ಪತ್ರ ಒಮ್ಮೆ ಕೂತು ಓದಿ, ಒಂದೇ ಅಧ್ಯಾಯ. ಸೆರೆಯಲ್ಲಿದ್ದ ಪೌಲ, ಓಡಿಹೋದ ಒನೇಸಿಮ ಎಂಬ ದಾಸನಿಗಾಗಿ ಬರೆದ ಕ್ಷಮಾದಾನದ ಅರ್ಜಿ ಅದು. ಅವನು ಬಾಕಿ ಏನಾದರೂ ಇಟ್ಟಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಅಂತಾನೆ ಪೌಲ. ಕರುಣೆ ಕೇಳುವವನು ತನ್ನ ಜೇಬಿಗೂ ಕೈ ಹಾಕಬೇಕು. ಹಾಗಾಗಿ ಗಲ್ಲು ಬೇಡ ಅಂತ ಸಹಿ ಹಾಕುವ ಮುಂಚೆ ಕೊಲೆಯಾದವರ ಮನೆಗೆ ಹೋಗಿ. ಅವರ ಮಕ್ಕಳ ಫೀಸಿಗೆ, ಕೋರ್ಟಿನ ಓಡಾಟಕ್ಕೆ ನಮ್ಮ ಸಭೆ ಏನು ಮಾಡಬಹುದು ಕೇಳಿ. ಆಮೇಲೆ ಸಹಿ ಹಾಕಿ, ರಾಷ್ಟ್ರಪತಿಗಳಿಗೆ, ರಾಜ್ಯಪಾಲರಿಗೆ ಬರೆಯಿರಿ. ಜೈಲಿನ ಸೇವೆಗೆ ಹೋಗೋರ ಜೊತೆ ಸೇರಿಕೊಳ್ಳಿ. ಮುಂದಿನ ಸಲ ಟಿವಿಯಲ್ಲಿ ಯಾರನ್ನಾದರೂ ನೇಣಿಗೇರಿಸಿ ಅಂತ ಕೂಗು ಎದ್ದಾಗ, ಸ್ಟೇಟಸ್ ಹಾಕುವ ಮುಂಚೆ ಆ ಸತ್ತವರ ಹೆಸರನ್ನೂ, ಕೊಂದವನ ಹೆಸರನ್ನೂ ಒಂದೇ ಪ್ರಾರ್ಥನೆಯಲ್ಲಿ ಹೇಳಿ. ಬಾಯಿ ತಡವರಿಸುತ್ತೆ. ತಡವರಿಸಲಿ.

ಕಣ್ಣು ಮುಚ್ಚೋಣ. ಕರ್ತನೇ, ಹೇಬೆಲನ ರಕ್ತದ ಕೂಗು ಕೇಳಿದವನು ನೀನು. ಕಾಯಿನನ ಮೇಲೆ ಗುರುತು ಇಟ್ಟವನೂ ನೀನೇ. ಆ ಐದು ಜನರ ಮನೆಯವರನ್ನ ಸಂತೈಸು. ಪಾಲಾರಿನಲ್ಲಿ ಸತ್ತ 22 ಜನರ ಮನೆಗಳನ್ನ ನೆನಪು ಮಾಡಿಕೋ. ನೇಣಿನ ನೆರಳಲ್ಲಿ ಇವತ್ತು ರಾತ್ರಿ ಎಚ್ಚರವಾಗಿರೋರನ್ನ ಮುಟ್ಟು. ಮಗನ ಕೊನೆಯ ಮಾತಿಗಾಗಿ ಕಾಯ್ತಿರೋ ಆ ತಾಯಿಗೆ ಉತ್ತರ ಕೊಡು. ಮಾದಯ್ಯನ ಹೆಸರು ಬಿಟ್ಟ ನಮ್ಮ ಪ್ರಾರ್ಥನೆಯನ್ನ ಕ್ಷಮಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.